ಏರುವ ನೀರಿನ ಮೂರು ಬಾಟಲಿ

“ಈಗ ಬೆಳಿಗ್ಗೆ ಹನ್ನೊಂದು ಗಂಟೆ. ಈ ಪುಸ್ತಕದಲ್ಲಿ ಸಂಜೆ ಐದರ ನೀರಿನ ಮಟ್ಟ ಆಗಲೇ ಬರೆದಿದೆ. ಇದು ಹೇಗಾಯ್ತು ಅಂತ ಸ್ವಲ್ಪ ಹೇಳ್ತೀರಾ?”

ಸೇತುವೆಯ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಯುವಕ ಎದ್ದು ನಿಂತ. ಹೊಳೆಯ ಕಡೆ ಒಮ್ಮೆ ನೋಡಿದ. ಅವಳ ಕಡೆ ಒಮ್ಮೆ ನೋಡಿದ.

“ಹೊಳೆ ಹತ್ತು ದಿನದಿಂದ ಅಲ್ಲೇ ಐತೆ ಮೇಡಂ. ಸಂಜೆಗೆ ಎಲ್ಲಿಗೆ ಹೋಯ್ತದೆ?”

ಕಾಮಾಕ್ಷಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ನಗು ಬರುವಂತಾಯಿತಲ್ಲ ಎಂದು ಇನ್ನೂ ಸಿಟ್ಟು ಬಂತು.

ಅದು 1980ರ ಜೂನ್ ತಿಂಗಳು. ಕಾಮಾಕ್ಷಿಗೆ ಇಪ್ಪತ್ನಾಲ್ಕು ವರ್ಷ. ಹೊಸೂರಿನ ಗಣಿತದ ಮೇಷ್ಟ್ರು ದ್ವಾರಕಾನಾಥರ ಮಗಳು. ಮದ್ರಾಸಿನಲ್ಲಿ ರಸಾಯನಶಾಸ್ತ್ರ ಓದಿ, ಅಲ್ಲಿನ ಸಂಶೋಧನಾ ಕೇಂದ್ರವೊಂದರ ಯೋಜನೆಗೆ ಸೇರಿ ಒಂದು ತಿಂಗಳಾಗಿತ್ತು. ದಕ್ಷಿಣ ಪಿನಾಕಿನಿ ಹೊಸೂರು, ಕೃಷ್ಣಗಿರಿ ದಾಟಿ ಕಡಲೂರಿನ ಬಳಿ ಸಮುದ್ರ ಸೇರುವಾಗ ಎಷ್ಟು ಮಣ್ಣನ್ನು, ಹೊಲಗಳ ಎಷ್ಟು ಗೊಬ್ಬರದ ಸತ್ವವನ್ನು ಹೊತ್ತೊಯ್ಯುತ್ತದೆ ಎಂದು ಲೆಕ್ಕ ಕಟ್ಟುವುದು ಆ ಯೋಜನೆಯ ಕೆಲಸ. ನದಿಯುದ್ದಕ್ಕೂ ಆರು ಕಡೆ ಒಬ್ಬೊಬ್ಬ ವೀಕ್ಷಕನಿದ್ದ. ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಅವನು ಸೇತುವೆಗೆ ಬಡಿದ ಅಳತೆಪಟ್ಟಿ ನೋಡಿ ನೀರಿನ ಮಟ್ಟ ಬರೆಯಬೇಕು, ಒಂದು ಬಾಟಲಿ ನೀರು ತುಂಬಿಡಬೇಕು. ವಾರಕ್ಕೊಮ್ಮೆ ಕಾಮಾಕ್ಷಿ ಬಂದು ಬಾಟಲಿಗಳನ್ನು ಒಯ್ದು, ಸೋಸಿ, ಒಣಗಿಸಿ, ಉಳಿದ ಮಣ್ಣನ್ನು ತೂಗಬೇಕು.

ಸಾನಮಾವು ಕಾಡಿನಂಚಿನ ಈ ಸೇತುವೆಯ ವೀಕ್ಷಕ ಆ ಯುವಕನೇ. ಹೆಸರು ರಾಮಾಂಜಿನಪ್ಪ. ಪಕ್ಕದ ಹಳ್ಳಿಯ ರಾಗಿ ಬೆಳೆಗಾರರ ಮಗ, ಎಸ್ಸೆಸ್ಸೆಲ್ಸಿ ಪಾಸು.

“ನಿಜ ಹೇಳಿ. ದಿನಾ ಹೀಗೇ ಬರೀತೀರಾ?”

“ಇಲ್ಲ. ಇವತ್ತೊಂದೇ. ನಮ್ಮಕ್ಕನ್ನ ಹೊಸೂರು ಆಸ್ಪತ್ರೆಗೆ ಸೇರಿಸವ್ರೆ, ಹೆರಿಗೆಗೆ. ಸಂಜೆ ಇಲ್ಲಿರಕ್ಕಾಗಲ್ಲ ಅಂತ ಬರ್ದೆ.” ಸ್ವಲ್ಪ ತಡೆದು ಸೇರಿಸಿದ: “ತಪ್ಪೇ. ಬರ್ದಿದ್ದು ತಪ್ಪು.”

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವನನ್ನು ಹೇಗೆ ಬೈಯುವುದು? ಕಾಮಾಕ್ಷಿ ಅವನನ್ನು ಆಸ್ಪತ್ರೆಗೆ ಕಳುಹಿಸಿ ತಾನೇ ಸಂಜೆಯವರೆಗೆ ಕೂತಳು. ಐದಕ್ಕೆ ಅಳತೆಪಟ್ಟಿ ನೋಡಿದಳು. ಅವನು ಬರೆದಿದ್ದ ಅಂಕಿಯೇ ಇತ್ತು.

ಮುಂದಿನ ಗುರುವಾರ ಅದನ್ನು ಅವನಿಗೆ ಹೇಳಿದಳು.

“ಹಂಗಾದ್ರೆ ಸರಿಯಾಗೇ ಬರ್ದಿದ್ನಲ್ಲ,” ಎಂದ.

“ಸರಿಯಾಗಿತ್ತು. ಆದ್ರೂ ಸುಳ್ಳು. ನೋಡದೆ ಬರೆದದ್ದೆಲ್ಲ ಸುಳ್ಳೇ ರಾಮಾಂಜಿನಪ್ಪ, ಅದು ಸರಿಯಾಗಿದ್ರೂ.”

ಅವನು ಆ ಮಾತನ್ನು ಕಡಲೆಕಾಯಿಯಂತೆ ಬಾಯಲ್ಲಿಟ್ಟು ಅಗಿದ. “ಆಯ್ತು,” ಎಂದ. “ಅಕ್ಕಂಗೆ ಹೆಣ್ಮಗು.”

* * *

ಗುರುವಾರಗಳು ಹೀಗೆ ಶುರುವಾದವು.

ಬೆಳಗಿನ ಬಸ್ಸಿಗೆ ಬಂದು ಇಳಿಯುತ್ತಿದ್ದಳು. ಅವನು ಹದಿನಾಲ್ಕು ಬಾಟಲಿಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದಕ್ಕೂ ದಿನಾಂಕದ ಚೀಟಿ ಅಂಟಿಸಿ ಕಾಯುತ್ತಿದ್ದ. ಮರುಬಸ್ಸು ಬರುವುದಕ್ಕೆ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಕೆಲಸದ ಮಾತು ಅರ್ಧ ಗಂಟೆಯದ್ದು. ಉಳಿದದ್ದು ಏನೆಂದು ಕಾಮಾಕ್ಷಿ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

“ನಮ್ಮ ಹೊಲಕ್ಕೆ ಹಾಕಿದ ಯೂರಿಯಾ ಕಡಲೂರಿಗೆ ಹೋಯ್ತದಾ?” ಎಂದು ಒಮ್ಮೆ ಕೇಳಿದ.

“ಯೂರಿಯಾ ನೀರಲ್ಲಿ ಕರಗಿ ಹೋಗುತ್ತೆ. ಇನ್ನೊಂದಿದೆ, ರಂಜಕ, ಅಂದ್ರೆ ಫಾಸ್ಫರಸ್. ಅದು ಸಣ್ಣ ಜೇಡಿಗೆ ಅಂಟ್ಕೊಂಡು ಹೋಗುತ್ತೆ. ದಪ್ಪ ಮರಳೆಲ್ಲ ಕೃಷ್ಣಗಿರಿ ಅಣೆಕಟ್ಟಲ್ಲಿ ಕೂತ್ಕೊಳ್ಳುತ್ತೆ. ಜೇಡಿ ಮಾತ್ರ ದಾಟುತ್ತೆ.”

“ಅಲ್ಲಿನ ಮೀನು ಅರ್ಧ ನಮ್ಮೂರಿದ್ದೇ ಅನ್ನಿ.”

“ಜಾಸ್ತಿ ಹೋದ್ರೆ ಮೀನಿಗೇ ಕಷ್ಟ. ನೀರು ಹಸಿರು ಕಟ್ಟುತ್ತೆ, ಪಾಚಿ ಕೊಳೆಯುತ್ತೆ, ಉಸಿರು ಕಟ್ಟುತ್ತೆ.”

“ಎಷ್ಟು ಹೋಯ್ತದೆ?”

“ಅದನ್ನ ತಿಳ್ಕೊಳ್ಳೋಕೇ ನಿಮ್ಮ ಬಾಟಲಿ ಹೊರ್ತಾ ಇರೋದು.”

ಮತ್ತೊಂದು ವಾರ ತನ್ನ ನಕ್ಷೆಯ ಹಾಳೆ ಬಿಚ್ಚಿ ತೋರಿಸಿದಳು. ಅಡ್ಡಕ್ಕೆ ನೀರಿನ ಹರಿವು, ಉದ್ದಕ್ಕೆ ಮಣ್ಣಿನ ತೂಕ. ಆ ಹಾಳೆಯಲ್ಲಿ ಒಂದು ಮನೆ ದಾಟಿದರೆ ಒಂದು ಹತ್ತಾಗುತ್ತದೆ, ಇನ್ನೊಂದು ದಾಟಿದರೆ ಹತ್ತು ನೂರಾಗುತ್ತದೆ ಎಂದು ವಿವರಿಸಿದಳು.

“ನಮ್ಮೂರ ಚಾಡಿಮಾತೂ ಹಿಂಗೇ,” ಎಂದ ರಾಮಾಂಜಿನಪ್ಪ. “ಒಂದು ಬೀದಿ ದಾಟಿದ್ರೆ ಹತ್ತು.”

ಕಾಮಾಕ್ಷಿ ಬಹಳ ಹೊತ್ತು ನಕ್ಕಳು. ನಗು ನಿಂತ ಮೇಲೆ, ಅವನು ತನ್ನನ್ನೇ ನೋಡುತ್ತಿದ್ದುದು ಗಮನಕ್ಕೆ ಬಂತು. ಅವಸರವಾಗಿ ಹಾಳೆ ಮಡಚಿದಳು.

ಆ ಹಾಳೆಯಲ್ಲಿ ಒಂದು ವರ್ಷದ ಚುಕ್ಕಿಗಳೆಲ್ಲ ಒಂದು ನೇರ ಗೆರೆಯ ಆಸುಪಾಸಿನಲ್ಲಿ ಕೂತಿದ್ದವು. ಆ ಗೆರೆ ಅವಳ ಹೆಮ್ಮೆ. ನೀರಿನ ಮಟ್ಟ ಗೊತ್ತಾದರೆ ಸಾಕು, ಗೆರೆ ಮಣ್ಣಿನ ಲೆಕ್ಕ ಹೇಳುತ್ತಿತ್ತು. ಕಡಲಿಗೆ ಹೋಗುವ ಇಡೀ ವರ್ಷದ ಮಣ್ಣನ್ನು ಅದರಿಂದಲೇ ಕಟ್ಟಬಹುದಿತ್ತು.

ಒಬ್ಬನೇ ಒಪ್ಪಲಿಲ್ಲ.

“ಒಂದೇ ಮಟ್ಟದ ನೀರಲ್ಲೂ ಎರಡು ಜಾತಿ ಐತೆ ಮೇಡಂ. ಏರೋ ನೀರು ಮಣ್ಣು ಹೊತ್ಕಂಡು ಬತ್ತದೆ. ಇಳಿಯೋ ನೀರು ಅಷ್ಟು ಹೊರಲ್ಲ. ನಮ್ಮಪ್ಪ ಏರೋ ನೀರಲ್ಲಿ ಎತ್ತು ಇಳಿಸ್ತಿರ್ಲಿಲ್ಲ.”

“ಎಲ್ಲಿದೆ ಅಂಥ ಅಂಕಿ? ನೀವೇ ಕೊಟ್ಟ ಬಾಟಲಿ ನೋಡಿ, ಎಲ್ಲ ಗೆರೆ ಮೇಲೇ ಇದೆ.”

“ನೀವು ಕೇಳಿದ್ದು ಎಂಟು ಗಂಟೆದು, ಐದು ಗಂಟೆದು. ಮಳೆ ಮಧ್ಯಾಹ್ನ ಬತ್ತದೆ. ಐದಕ್ಕೆ ನೀರು ಇಳಿಯಕ್ಕೆ ಸುರುವಾಗಿರ್ತದೆ.”

“ಮಾತಲ್ಲಿ ಹೇಳಿದ್ರೆ ಮದ್ರಾಸಲ್ಲಿ ಯಾರೂ ಕೇಳಲ್ಲ. ಬಾಟಲಿಯಲ್ಲಿ ತನ್ನಿ, ಒಪ್ತೀನಿ,” ಎಂದು ಕಾಮಾಕ್ಷಿ ನಗುತ್ತ ಹೇಳಿದಳು. ಬಸ್ಸಿನ ಶಬ್ದ ಕೇಳಿ ಚೀಲ ಎತ್ತಿಕೊಂಡಳು.

ಹಾಗೆ ಹೇಳಿದ್ದನ್ನು ಅವಳು ಮರೆತಳು. ಅವನು ಮರೆಯಲಿಲ್ಲ.

* * *

1981ರ ಅಕ್ಟೋಬರ್ ಹದಿನಾಲ್ಕು, ಬುಧವಾರ. ಮಧ್ಯಾಹ್ನ, ಹೊಳೆ ಹರಿದು ಬರುವ ಬಾಗಲೂರಿನ ಕಡೆ ಕಪ್ಪಿಟ್ಟು ಮಳೆ ಹೊಯ್ದಿತು. ಆ ವರ್ಷದ ಅತಿ ದೊಡ್ಡ ಪ್ರವಾಹ ಅದೇ.

ಮರುದಿನ ಕಾಮಾಕ್ಷಿ ಬಂದಾಗ ಸೇತುವೆಯ ಮೇಲೆಲ್ಲ ಕಡ್ಡಿಕಸ, ಕೆಸರು. ಬಾಟಲಿಗಳ ಸಾಲಿನ ಕೊನೆಯಲ್ಲಿ ಮೂರು ಹೆಚ್ಚಿಗೆ ಇದ್ದವು. ನೀರಲ್ಲ, ತೆಳ್ಳಗೆ ಕಲಸಿದ ಕೆಮ್ಮಣ್ಣಿನಂತಿತ್ತು ಒಳಗಿನದು.

“ನೀವು ಕೇಳಿದ್ರಲ್ಲ,” ಎಂದ ರಾಮಾಂಜಿನಪ್ಪ. ಅವನ ಮೊಣಕೈ ತರಚಿತ್ತು. ಮುಖದಲ್ಲಿ ಮಾತ್ರ ಹಬ್ಬ. “ಏರೋ ನೀರು. ಎರಡು ಹತ್ತಕ್ಕೊಂದು, ಎರಡು ನಲ್ವತ್ತಕ್ಕೊಂದು, ಮೂರೂ ಕಾಲಿಗೊಂದು.”

ಹೊಸೂರಿನ ಮನೆಯ ಹಿಂದಿನ ಕೋಣೆಯೇ ಅವಳ ಪ್ರಯೋಗಾಲಯ. ಅಲ್ಲಿ ಸೋಸಿ, ಒಣಗಿಸಿ, ತೂಗಿದಳು. ಲೀಟರಿಗೆ ಒಂಬತ್ತು ಗ್ರಾಂ. ಹದಿನಾಲ್ಕೂವರೆ. ಹನ್ನೊಂದು. ಆ ಮಟ್ಟದ ನೀರಿಗೆ ಗೆರೆ ಹೇಳುತ್ತಿದ್ದುದು ಸುಮಾರು ಮೂರು.

ಮತ್ತೆ ತೂಗಿದಳು. ಅಷ್ಟೇ ಬಂತು.

ಇಂಥ ಅಂಕಿಗಳಿಗೆ ಯೋಜನೆಯಲ್ಲಿ ಒಂದು ಕಟ್ಟಲೆ ಇತ್ತು. ಗೆರೆ ಹೇಳಿದ್ದರ ಎರಡು ಪಟ್ಟನ್ನೂ ಮೀರಿದ ಬಾಟಲಿ ದಡದ ಕೆಸರನ್ನು ಗೋರಿದ್ದು ಎಂದೇ ಅರ್ಥ. ಅದರ ಅಂಕಿಯನ್ನು ಹೊಡೆದುಹಾಕಬೇಕು, ಇಲ್ಲವೇ ಯಾಕೆ ಉಳಿಸಿಕೊಂಡೆ ಎಂದು ಹೇಳಬೇಕು. ಹೊಳೆ ಉಕ್ಕಿದಾಗ ಸೇತುವೆಗೆ ಹೋಗದೆ, ಆಮೇಲೆ ದಡದಲ್ಲಿ ಬಾಟಲಿ ಅದ್ದಿ ತುಂಬುವ ವೀಕ್ಷಕರನ್ನು ಅವಳೇ ಇಬ್ಬರನ್ನು ಹಿಡಿದಿದ್ದಳು.

ಮದ್ರಾಸಿಗೆ ಟ್ರಂಕ್ ಕಾಲ್ ಮಾಡಿದಳು. ಯೋಜನೆಯ ಮುಖ್ಯಸ್ಥ ಡಾಕ್ಟರ್ ಸುಬ್ಬರಾಮ ತಾಳ್ಮೆಯಿಂದ ಕೇಳಿದರು.

“ಸಾವಿರ ಬಾಟಲಿ ಒಂದು ಮಾತು ಹೇಳುತ್ತವೆ, ಮೂರು ಬಾಟಲಿ ಇನ್ನೊಂದು ಮಾತು. ಆ ಮನುಷ್ಯನ ಮೇಲೆ ನಿನಗೆ ಭರವಸೆ ಇದೆಯೇನಮ್ಮ? ಇದ್ದರೆ ಬರೆದು ಕಳಿಸು, ಉಳಿಸಿಕೊಳ್ಳೋಣ. ನೋಡಿರುವವಳು ನೀನು. ತೀರ್ಮಾನ ನಿನ್ನದು.”

ಫೋನ್ ಇಟ್ಟ ಮೇಲೆ ಕಾಮಾಕ್ಷಿ ಕೂತಲ್ಲೇ ಕೂತಳು.

ಭರವಸೆ ಇದೆಯೇ?

ಇದೆ... ಆದರೆ ಯಾಕಿದೆ? ಅವನು ಏರುವ ನೀರಿನ ಬಗ್ಗೆ ಹೇಳಿದ್ದಕ್ಕೆ ಆಧಾರವಿದೆಯೆಂದೋ, ಗುರುವಾರದ ಆ ಎರಡು ಗಂಟೆಗಾಗಿ ತಾನು ವಾರವಿಡೀ ಕಾಯುತ್ತೇನೆಂದೋ? ಬುಧವಾರವೇ ನಾಳೆಯ ಸೀರೆ ಎತ್ತಿಡುತ್ತೇನೆಂದೋ? ಬೇರೆ ವೀಕ್ಷಕ ಇದೇ ಮೂರು ಬಾಟಲಿ ತಂದಿದ್ದರೆ ಏನು ಮಾಡುತ್ತಿದ್ದೆ?

ಆ ಪ್ರಶ್ನೆಗೆ ಅವಳಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದಿದ್ದದ್ದೇ ಅವಳನ್ನು ಹೆದರಿಸಿತು. ಮನಸ್ಸು ಒಂದು ಕಡೆ ವಾಲಿದ ತಕ್ಕಡಿಯಲ್ಲಿ ತೂಗಬಾರದು ಎಂದುಕೊಂಡಳು. ಅದನ್ನು ಪ್ರಾಮಾಣಿಕತೆ ಎಂದೇ ನಂಬಿದಳು.

ಕೆಂಪು ಪೆನ್ನು ತೆಗೆದು ಮೂರು ಅಂಕಿಗಳ ಮೇಲೆ ಗೆರೆ ಎಳೆದಳು. ಷರಾ ಕಾಲಂನಲ್ಲಿ ಬರೆದಳು: ‘ನಂಬಲರ್ಹವಲ್ಲ. ವೀಕ್ಷಕನ ದೋಷ.’

ಷರಾ ಕಾಲಂನ ಒಂದು ಪ್ರತಿ ಮದ್ರಾಸಿನ ಆಡಳಿತ ವಿಭಾಗಕ್ಕೂ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಬರೆಯುವ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ.

ಮೂರು ವಾರಕ್ಕೆ ರಾಮಾಂಜಿನಪ್ಪನಿಗೆ ತಮಿಳಿನಲ್ಲಿ ಟೈಪು ಮಾಡಿದ ಕಾಗದ ಬಂತು. ಕೆಲಸದಿಂದ ತೆಗೆದಿದ್ದರು. ಕಾರಣದ ಜಾಗದಲ್ಲಿ ಅವಳ ಮಾತೇ ಇತ್ತು.

* * *

ಅವನು ಹೊಸೂರಿನ ಮನೆಗೆ ಬಂದದ್ದು ಅದೇ ಮೊದಲ ಸಲ. ಅಳತೆ ಪುಸ್ತಕ, ಖಾಲಿ ಬಾಟಲಿಗಳು, ಹಗ್ಗ, ಎಲ್ಲವನ್ನೂ ಗೋಣಿಚೀಲದಲ್ಲಿ ಹೊತ್ತು ತಂದು ಜಗಲಿಯ ಮೇಲಿಟ್ಟ.

ದ್ವಾರಕಾನಾಥರು ಬಾಗಿಲಲ್ಲಿ ನಿಂತಿದ್ದರು. ಒಳಗಿನಿಂದ ತಾಯಿ ರಾಧಮ್ಮ, “ಯಾರದು, ಕಾಫಿ ಕೊಡ್ಲೇ?” ಎಂದು ಕೇಳಿದರು.

“ಬೇಡಮ್ಮ, ಬಸ್ಸೈತೆ,” ಎಂದ ಅವನು.

ಕಾಮಾಕ್ಷಿ ಹೊರಗೆ ಬಂದಳು. “ರಾಮಾಂಜಿನಪ್ಪ, ಕೆಲಸದಿಂದ ತೆಗೀತಾರೆ ಅಂತ ನಾನು... ನಾನು ಬರೆದದ್ದು ಬಾಟಲಿ ಬಗ್ಗೆ ಮಾತ್ರ.”

“ಬಾಟಲಿ ತಾನಾಗೇ ನೀರಿಗಿಳೀತದಾ ಮೇಡಂ?”

ಅವಳ ಕಣ್ಣು ಗೋಣಿಚೀಲದ ಮೇಲೆ ಹೋಯಿತು.

“ನಾನು ದಡದ ಕೆಸರು ಗೋರ್ದೆ ಅಂದ್ಕಂಡ್ರಾ?”

“ಅಂಕಿ ಹೊಂದಲಿಲ್ಲ.”

“ಅಂಕಿ ಬುಡಿ. ನಿಮ್ಮನ್ನ ಕೇಳ್ತಿದೀನಿ.”

ಇಲ್ಲ ಎನ್ನಬಹುದಿತ್ತು. ಒಂದು ಮಾತು ಸಾಕಾಗಿತ್ತು. ಆದರೆ ಅಪ್ಪ ಹಿಂದೆ ನಿಂತಿದ್ದರು. ಕೆಂಪು ಗೆರೆ ಎಳೆದಾಗಿತ್ತು. ಈಗ ಇಲ್ಲವೆಂದರೆ ತಾನು ಬರೆದದ್ದು ಏನಾಗುತ್ತದೆ? ಕಾಮಾಕ್ಷಿ ನೆಲ ನೋಡಿದಳು.

“ನೋಡದೆ ಬರೆದದ್ದೆಲ್ಲ ಸುಳ್ಳು ಅಂದಿದ್ರಿ,” ರಾಮಾಂಜಿನಪ್ಪನ ದನಿ ಏರಲಿಲ್ಲ. “ಬುಧವಾರ ನೀವು ಸೇತುವೆ ಹತ್ರ ನೋಡಿದ್ರಾ?”

ಚಪ್ಪಲಿ ಮೆಟ್ಟಿ ಹೋದ. ಬೀದಿಯ ತಿರುವಿನವರೆಗೂ ಹಿಂತಿರುಗಿ ನೋಡಲಿಲ್ಲ.

ಕಾಮಾಕ್ಷಿ ಗೋಣಿಚೀಲವನ್ನು ಒಳಗೆ ಎಳೆದುಕೊಂಡಳು.

* * *

ಮರುವರ್ಷ ಅವಳನ್ನು ಕಡಲೂರಿಗೆ ಹಾಕಿದರು. ನದೀಮುಖದ ಕೆಸರನ್ನೂ ನೀರನ್ನೂ ಪರೀಕ್ಷಿಸುವ ಕೆಲಸ. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ ಕೆಲಸದ ನೆಪ ಹೇಳಿದಳು. ರಾಧಮ್ಮ ಅತ್ತರು, ಬೈದರು, ಕೊನೆಗೆ ಕೇಳುವುದನ್ನೇ ಬಿಟ್ಟರು.

ಕಡಲೂರಿನಲ್ಲಿ ಲೆಕ್ಕ ಕೂಡಲಿಲ್ಲ.

ಅವಳ ಗೆರೆಯ ಪ್ರಕಾರ ಬರಬೇಕಾದ ಜೇಡಿಯ ಎರಡು ಪಟ್ಟು ನದೀಮುಖದಲ್ಲಿ ಕೂಡುತ್ತಿತ್ತು. ರಂಜಕವೂ ಅಷ್ಟೇ. ಪ್ರವಾಹ ಇಳಿದ ವಾರಗಳಲ್ಲಿ ದಡದ ನೀರು ಹಸಿರು ಕಟ್ಟುತ್ತಿತ್ತು, ಬಲೆಗೆ ಪಾಚಿ ಮೆತ್ತುತ್ತಿತ್ತು. ಲೆಕ್ಕದ ಪ್ರಕಾರ ಇದಾವುದೂ ಆಗಬಾರದು. ನಡುವಿನ ಬೇರೆ ಹಳ್ಳಗಳನ್ನು ದೂರಿದರು, ದಡದ ಕೊರೆತವನ್ನು ದೂರಿದರು. ಗೆರೆಯನ್ನು ಯಾರೂ ದೂರಲಿಲ್ಲ. ಅವಳೂ ದೂರಲಿಲ್ಲ.

1987ರ ಮಳೆಗಾಲಕ್ಕೆ ಸೂಳಗಿರಿಯ ಬಳಿಯ ಹಳ್ಳವೊಂದಕ್ಕೆ ಹೊಸ ಯಂತ್ರ ಬಂತು. ನೀರು ಏರತೊಡಗಿದರೆ ತಾನೇ ಎಚ್ಚೆತ್ತು, ಅರ್ಧ ಗಂಟೆಗೊಂದು ಬಾಟಲಿ ತುಂಬುವ ಯಂತ್ರ. ಅದಕ್ಕೆ ಊಟದ ಹೊತ್ತಿಲ್ಲ, ಹೊಸೂರು ಆಸ್ಪತ್ರೆಯಲ್ಲಿ ಅಕ್ಕನಿಲ್ಲ.

ಜನವರಿಯ ಒಂದು ಬೆಳಿಗ್ಗೆ ಅದರ ಅಂಕಿಗಳು ಕಡಲೂರಿನ ಕಚೇರಿಗೆ ಬಂದವು. ಕಾಮಾಕ್ಷಿ ಅವನ್ನು ಹೊಸ ಕಂಪ್ಯೂಟರಿಗೆ ಊಡಿಸಿದಳು. ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಮೂಡಿದವು.

ನೇರ ಗೆರೆ ಮೂಡಲಿಲ್ಲ. ಏರುವಾಗಿನ ಚುಕ್ಕಿಗಳು ಮೇಲ್ಗಡೆಯಿಂದ ಸುತ್ತು ಹಾಕಿ ಬಂದವು. ಇಳಿಯುವಾಗಿನವು ಕೆಳಗಿನಿಂದ ಮರಳಿದವು. ಒಂದೇ ಮಟ್ಟದ ನೀರು, ಎರಡು ಜಾತಿ.



ಹಳೆಯ ಕಡತ ತೆಗೆಸಿದಳು. ಎಂಟು ಗಂಟೆ, ಐದು ಗಂಟೆ, ಎಂಟು ಗಂಟೆ, ಐದು ಗಂಟೆ... ಸಾವಿರ ಬಾಟಲಿಯಲ್ಲಿ ಏರುವ ನೀರಿನದು ಮೂರೇ ಮೂರು. ಆ ಮೂರರ ಮೇಲೆ ಕೆಂಪು ಗೆರೆ.

ಮೂರೂ ಅಂಕಿಗಳನ್ನು ಹೊಳೆಯ ಅಳತೆಯಿಂದ ಹಳ್ಳದ ಅಳತೆಗೆ ಇಳಿಸಿ ಒತ್ತಿದಳು. ಸುತ್ತಿನ ಮೇಲ್ಗಡೆಯ ತೋಳಿನ ಮೇಲೆ, ಅಲ್ಲೇ ಹುಟ್ಟಿದವರಂತೆ, ಮೂರೂ ಹೋಗಿ ಕೂತವು.

ಸುಳ್ಳು ಹೇಳಿದ್ದು ಬಾಟಲಿಯಲ್ಲ, ರಾಮಾಂಜಿನಪ್ಪನೂ ಅಲ್ಲ. ಅವಳು ನಂಬಿಕೊಂಡಿದ್ದ ಎಂಟು, ಐದರ ಹೊತ್ತು.

ಪಕ್ಕದ ಮೇಜಿನವರು ಏನಾಯಿತೆಂದು ಕೇಳಿದರು. ಏನಿಲ್ಲ ಎಂದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

* * *

ತಿದ್ದುಪಡಿ ಅಚ್ಚಾಗಿ ಬರುವಷ್ಟರಲ್ಲಿ ಜೂನ್ ಮುಗಿದಿತ್ತು. ಜುಲೈನ ಒಂದು ಶನಿವಾರ ಕಾಮಾಕ್ಷಿ ಹೊಸೂರಿನಿಂದ ಅದೇ ದಾರಿಯ ಬಸ್ಸು ಹಿಡಿದು ಹೋದಳು. ಸೇತುವೆಯಲ್ಲಿ ಇಳಿಯಲಿಲ್ಲ. ಒಂದು ನಿಲ್ದಾಣ ಮುಂದೆ, ಅವನ ಹಳ್ಳಿಯಲ್ಲಿ ಇಳಿದಳು. ಇಷ್ಟು ವರ್ಷಗಳಲ್ಲಿ ಅವನ ಮನೆ ಯಾವುದೆಂದು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು.

ಜಗಲಿಯಲ್ಲಿ ಅವನ ತಾಯಿ ಮುನಿಗಂಗಮ್ಮ ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದಳು.

“ಯಾರ್ ಬೇಕಮ್ಮ?”

“ರಾಮಾಂಜಿನಪ್ಪ ಇದ್ದಾರಾ? ನಾನು ಹೊಸೂರಿನ ಕಾಮಾಕ್ಷಿ. ಹಿಂದೆ ಹೊಳೆ ನೀರು...”

ಮುನಿಗಂಗಮ್ಮನ ಕೈ ನಿಂತಿತು. “ಓ, ಬಾಟ್ಲಿ ಮೇಡಮ್ಮಾ? ನನ್ ಮಗನ್ನ ಸುಳ್ಳುಗಾರ ಅಂತ ಬರ್ದೋರು.”

“ಹೌದು.”

“ಊರಲ್ಲಿ ಐಕ್ಳೆಲ್ಲ ಅವನ್ನ ಕೆಸರಪ್ಪ ಅಂತ ಕೂಗ್ತಿದ್ವು. ಎಲ್ಡು ವರ್ಷ ಕೂಗಿದ್ವು.”

ಕಾಮಾಕ್ಷಿ ನಿಂತೇ ಇದ್ದಳು.

“ಕೂತ್ಕಳಮ್ಮ. ಸಿಟ್ಟೈತೆ ನಂಗೆ. ಆದ್ರೂ ಕೂತ್ಕ. ಫ್ಯಾಕ್ಟ್ರಿಗೋಗವ್ನೆ, ಮೂರಕ್ಕೆ ಬತ್ತಾನೆ.” ಒಂದು ಹಿಡಿ ಅವರೆಕಾಳನ್ನು ಅವಳ ಮುಂದಕ್ಕೆ ತಳ್ಳಿದಳು. “ಸುಮ್ಕೆ ಕೂರ್ಬ್ಯಾಡ, ಹಿದುಕು.”

ಇಬ್ಬರೂ ಹಿದುಕಿದರು. ಸ್ವಲ್ಪ ಹೊತ್ತಾದ ಮೇಲೆ ಮುನಿಗಂಗಮ್ಮ ಯಾರಿಗೋ ಹೇಳುವಂತೆ ಹೇಳಿದಳು: “ಮೂರು ಹೆಣ್ಣು ನೋಡಿದ್ವಿ. ಮೂರೂ ಬ್ಯಾಡ ಅಂದ್ಬುಟ್ಟ. ಯಾಕ್ಲಾ ಅಂದ್ರೆ ಬಾಯಿ ಬುಡಲ್ಲ.”

ಕಾಮಾಕ್ಷಿಯ ಬೆರಳಿನಿಂದ ಕಾಳು ಜಾರಿತು.

ಮೂರಕ್ಕೆ ಸೈಕಲ್ಲು ಬಂತು. ನೀಲಿ ಅಂಗಿ, ಕಿವಿಯ ಮೇಲೆ ಒಂದೆರಡು ನರೆಗೂದಲು. ರಾಮಾಂಜಿನಪ್ಪ ಅವಳನ್ನು ನೋಡಿ ಸೈಕಲ್ಲನ್ನು ನಿಧಾನವಾಗಿ ಗೋಡೆಗೆ ಒರಗಿಸಿದ. ಒರಗಿಸಿದ್ದನ್ನೇ ಇನ್ನೊಮ್ಮೆ ಸರಿಮಾಡಿದ.

“ಬನ್ನಿ,” ಎಂದ, ಬಂದು ಕೂತಿದ್ದವಳಿಗೆ.

ಮುನಿಗಂಗಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು.

ಕಾಮಾಕ್ಷಿ ಎರಡು ಹಾಳೆ ಕೊಟ್ಟಳು. ಒಂದು ಇಂಗ್ಲಿಷಿನ ಅಚ್ಚು ಪುಟ. ಇನ್ನೊಂದು ಅವಳೇ ಕನ್ನಡದಲ್ಲಿ ಬರೆದದ್ದು. ಅವನು ಕನ್ನಡದ್ದನ್ನು ನಿಂತುಕೊಂಡೇ ಓದಿದ.

‘1981ರ ಅಕ್ಟೋಬರ್ 14ರಂದು ವೀಕ್ಷಕ ರಾಮಾಂಜಿನಪ್ಪ ಅವರು ಸಂಗ್ರಹಿಸಿದ ಮೂರು ಮಾದರಿಗಳು ಸರಿಯಾಗಿವೆ. ಏರುವ ಪ್ರವಾಹದಲ್ಲಿ ಈ ನದಿಯಿಂದ ದೊರೆತ ಮೊದಲ ಅಳತೆಗಳು ಇವೇ. ಅವನ್ನು ಕೈಬಿಟ್ಟದ್ದು ವಿಶ್ಲೇಷಕಿಯ ತಪ್ಪು. ಆ ತಪ್ಪಿನಿಂದ ಕಡಲಿಗೆ ಸೇರುವ ಮಣ್ಣು ಮತ್ತು ರಂಜಕದ ಲೆಕ್ಕ ಆರು ವರ್ಷ ಅರ್ಧದಷ್ಟೇ ಇತ್ತು.’

ಕೆಳಗೆ ಅವಳ ಸಹಿ.

ಅವನು ಹಾಳೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

“ಕೆಲ್ಸ ಹೋಗಿದ್ದು ದೊಡ್ಡದಲ್ಲ,” ಎಂದ ಕೊನೆಗೆ. “ಫ್ಯಾಕ್ಟ್ರಿ ಸಿಕ್ತು, ಸಂಬಳಾನೂ ಚೆನ್ನಾಗೈತೆ. ಬೇರೆ ಯಾರು ಬರ್ದಿದ್ರೂ ನಾನು ಉಗ್ದು ಸುಮ್ಕಾಗ್ತಿದ್ದೆ. ನೀವು ಬರ್ದ್ರಲ್ಲ.”

“ಅದನ್ನೇ ಹೇಳೋಕೆ ಬಂದೆ. ಇದು ಅಚ್ಚಿನಲ್ಲಿಲ್ಲ.” ಕಾಮಾಕ್ಷಿ ಸೆರಗಿಗಂಟಿದ ಅವರೆ ಸಿಪ್ಪೆ ಕೊಡವಿದಳು. “ಬೇರೆ ಯಾರು ತಂದಿದ್ರೂ ನಾನು ಉಳಿಸ್ಕೊಳ್ಳಿ ಅಂತ ಮದ್ರಾಸಿಗೆ ಬರೀತಿದ್ದೆ. ಇನ್ನೊಂದು ಪ್ರವಾಹ ನೋಡೋಣ ಅಂತಾದ್ರೂ ಅಂತಿದ್ದೆ. ನೀವು ತಂದ್ರಿ. ನಿಮ್ಮನ್ನ ನಂಬಬೇಕು ಅಂತ ನನಗೆ ಆಸೆ ಇತ್ತು ರಾಮಾಂಜಿನಪ್ಪ. ಅಷ್ಟು ಆಸೆ ಇಟ್ಕೊಂಡು ನಂಬಿದ್ರೆ ಅದು ಮೋಸ ಅಂದ್ಕೊಂಡೆ. ಅದಕ್ಕೇ ನಂಬಲಿಲ್ಲ.”

ಅವನು ಅವಳ ಮುಖವನ್ನೇ ನೋಡಿದ.

“ನಂಗೊತ್ತಿರ್ಲಿಲ್ಲ,” ಎಂದ.

“ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.”

ಒಳಗೆ ಪಾತ್ರೆ ಸದ್ದಾಯಿತು. ಆಮೇಲೆ ಏನೂ ಸದ್ದಾಗಲಿಲ್ಲ. ಮುನಿಗಂಗಮ್ಮ ಕೇಳಿಸಿಕೊಳ್ಳುತ್ತಿದ್ದಳು ಎಂಬುದು ಇಬ್ಬರಿಗೂ ತಿಳಿಯಿತು.

ರಾಮಾಂಜಿನಪ್ಪ ಜಗಲಿಯ ಇನ್ನೊಂದು ತುದಿಯಲ್ಲಿ ಕೂತ. “ಅವತ್ತು ಸೇತುವೆ ಮೇಲೆ ಮೊಣಕಾಲುದ್ದ ನೀರು. ಸೊಂಟಕ್ಕೆ ಹಗ್ಗ ಕಟ್ಕಂಡಿದ್ದೆ. ನಮ್ ಭಾವ ಕೊಂಡಪ್ಪ ಮರಕ್ಕೆ ಸುತ್ತಿ ಹಿಡ್ಕಂಡಿದ್ದ. ಅವನ ಕೈಗಡಿಯಾರ ನೋಡೇ ಹೊತ್ತು ಬರ್ದಿದ್ದು. ಬ್ಯಾಡ ಕಣ್ಲಾ, ಸತ್ತೋಯ್ತೀಯ ಅಂತ ಬೈತಾನೇ ಇದ್ದ.”

“ಅವತ್ತು ಯಾಕೆ ಹೇಳಲಿಲ್ಲ? ಅವರನ್ನ ಕರ್ಕೊಂಡು ಬಂದಿದ್ರೆ...”

“ಬರ್ಬೌದಾಗಿತ್ತು. ಕೊಂಡಪ್ಪ ಬತ್ತೀನಿ ಅಂತ್ಲೇ ನಿಂತಿದ್ದ. ನಾನೇ ಬ್ಯಾಡ ಅಂದೆ.” ಅವನು ತನ್ನ ಅಂಗೈ ನೋಡಿಕೊಂಡ. “ಸಾಕ್ಷಿ ತಂದು ನಿಮ್ಮನ್ನ ನಂಬಿಸ್ಬೇಕಾ ಅಂತ ಹಟ. ಸಾಕ್ಷಿ ಇಲ್ದೇನೇ ನಂಬ್ಲಿ ಅಂತ. ಒಂದ್ ಮಾತ್ಗೆ ಆಗೋದು. ಎಷ್ಟು ವರ್ಷ ಆಯ್ತು?”

“ಏಳಕ್ಕೆ ಮೂರು ತಿಂಗಳು ಕಡಿಮೆ.”

“ಲೆಕ್ಕ ಇಟ್ಟವ್ರೆ,” ಎಂದ. ಮೊದಲ ಸಲ ಅವನ ಮುಖದಲ್ಲಿ ನಗುವಿನಂಥದ್ದು ಸುಳಿಯಿತು. ಸುಳಿದು ಹೋಯಿತು. “ನಂಗೆ ಮೂವತ್ತೈದಾಯ್ತು ಮೇಡಂ.”

“ನನಗೆ ಮೂವತ್ತೆರಡು.”

ಕಳೆದುಹೋದ ವರ್ಷಗಳನ್ನು ತಿದ್ದುಪಡಿ ಮಾಡಿ ಅಚ್ಚು ಹಾಕಿಸುವ ಕಚೇರಿ ಎಲ್ಲೂ ಇರಲಿಲ್ಲ.

“ಆ ಆಸೆ,” ಅವನು ಬೀದಿ ನೋಡುತ್ತ ಕೇಳಿದ, “ಈಗ್ಲೂ ಐತಾ?”

“ಐತೆ,” ಎಂದಳು ಕಾಮಾಕ್ಷಿ, ಅವನ ಮಾತಿನಲ್ಲೇ.

ಅವನು ಕಣ್ಣೊರೆಸಿಕೊಳ್ಳಲಿಲ್ಲ. ಬೀದಿಯ ಕಡೆಯೇ ಮುಖ ಮಾಡಿಕೊಂಡು ಕೂತಿದ್ದ.

“ನಾಳೆ ಯಾವ ಶಿಫ್ಟು?” ಅವಳು ಕೇಳಿದಳು.

“ನಾಳೆ ರಜ. ಯಾಕೆ?”

“ಮನೆಗೆ ಬನ್ನಿ. ಅಪ್ಪನ ಹತ್ರ ನಾನು ಮಾತಾಡ್ಬೇಕು. ನೀವು ಪಕ್ಕದಲ್ಲಿರಬೇಕು. ಅವರು ಸುಲಭಕ್ಕೆ ಒಪ್ಪಲ್ಲ.”

“ಏನಂತ ಹೇಳ್ತೀರಾ?”

“ಇವರನ್ನೇ ಮದುವೆ ಆಗೋದು ಅಂತ. ಇಷ್ಟು ವರ್ಷ ತಡ ಮಾಡಿದವಳು ನಾನೇ ಅಂತ.”

ರಾಮಾಂಜಿನಪ್ಪ ಕನ್ನಡದ ಹಾಳೆಯನ್ನು ಅಂಗಿಯ ಜೇಬಿಗೆ ಸೇರಿಸಿದ.

“ತಡ ಆಗಿದ್ರಲ್ಲಿ ಅರ್ಧ ನಂದು,” ಎಂದ. “ಅದನ್ನ ನಾನು ಹೇಳ್ತೀನಿ. ನೀನು ಮೊದಲ್ನೇದು ಹೇಳು, ಸಾಕು.”